ಸುಮ್ಮನಿರು ಎನ್ನುವ ಮುನ್ನ

2003ರ ಜೂನ್ 21ರ ನಡುರಾತ್ರಿ ಇಂಗ್ಲೆಂಡಿನ ಪುಸ್ತಕದಂಗಡಿಗಳ ಮುಂದೆ ಮಕ್ಕಳು ತಮ್ಮ ತಂದೆತಾಯಿಗಳೊಂದಿಗೆ ಸಾಲುಗಟ್ಟಿ ನಿಂತಿದ್ದರು. ಮೂರು ವರ್ಷಗಳ ನಿರೀಕ್ಷೆಯ ಬಳಿಕ ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಐದನೆಯ ಸಂಪುಟ ‘ಆರ್ಡರ್ ಆಫ್ ದಿ ಫೀನಿಕ್ಸ್’ ಅಂದು ಹೊರಬಂದಿತು. ಬ್ರಿಟನ್ನಿನ ಆವೃತ್ತಿಗೆ 766 ಪುಟಗಳು. ಅಮೆರಿಕದಲ್ಲಿ ಮೊದಲ ದಿನವೇ ಸುಮಾರು 50 ಲಕ್ಷ ಪ್ರತಿಗಳು ಮಾರಾಟವಾದವು. 1997ರಲ್ಲಿ ಈ ಮಾಲೆಯ ಮೊದಲ ಪುಸ್ತಕದ ಗಟ್ಟಿರಟ್ಟಿನ ಪ್ರತಿಗಳನ್ನು ಪ್ರಕಾಶಕರು ಮೊದಲ ಸಲ ಮುದ್ರಿಸಿದ್ದು ಕೇವಲ 500 ಎಂಬುದನ್ನು ನೆನೆದರೆ, ಆರು ವರ್ಷಗಳಲ್ಲಿ ಆ ಹುಡುಗ ಎಷ್ಟು ಮನೆಗಳನ್ನು ಹೊಕ್ಕಿದ್ದನೆಂಬುದು ತಿಳಿಯುತ್ತದೆ.

ಆದರೆ ಸಂಭ್ರಮದ ಬೆನ್ನಿಗೇ ಒಂದು ಗೊಣಗಾಟವೂ ಎದ್ದಿತು. ಪುಸ್ತಕವನ್ನು ಎರಡೇ ದಿನಗಳಲ್ಲಿ ಓದಿ ಮುಗಿಸಿದವರೇ ಮುಖ ಸಿಂಡರಿಸಿದರು. ‘ಈ ಹ್ಯಾರಿ ನಮ್ಮ ಹ್ಯಾರಿಯಲ್ಲ. ಇವನು ಪುಟಪುಟಕ್ಕೂ ಕೂಗಾಡುತ್ತಾನೆ, ಪ್ರೀತಿಸುವವರ ಮೇಲೆಯೇ ಹರಿಹಾಯುತ್ತಾನೆ, ತನ್ನ ದುಃಖವೊಂದೇ ದುಃಖವೆಂದು ತಿಳಿಯುತ್ತಾನೆ’ ಎಂದರು. ಅವನ ಕೂಗನ್ನು ಲೇಖಕಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕಿಸಿದ್ದು ಹಾಸ್ಯದ ವಸ್ತುವಾಯಿತು. ಇನ್ನು ಕೆಲವು ಪೋಷಕರು, ‘ಮಕ್ಕಳ ಪುಸ್ತಕದಲ್ಲಿ ಇಷ್ಟು ಕತ್ತಲೇಕೆ? ಇಷ್ಟು ಸಾವೇಕೆ?’ ಎಂದು ಕೇಳಿದರು. ಮಾಂತ್ರಿಕರ ಕಥೆಯೆಂದು ಮೊದಲ ಪುಸ್ತಕದಿಂದಲೂ ಅನುಮಾನಿಸುತ್ತಿದ್ದ ನಮ್ಮಂಥ ಧರ್ಮಬೋಧಕರಲ್ಲಿ ಹಲವರಿಗೆ ಈ ಕತ್ತಲು ತಮ್ಮ ಅನುಮಾನಕ್ಕೆ ದೊರೆತ ಸಾಕ್ಷಿಯಾಗಿ ಕಂಡಿತು.

ಇಷ್ಟು ವರ್ಷಗಳ ಮೇಲೆ ಈ ಹಳೆಯ ಜಗಳವನ್ನು ಕೆದಕುವುದೇಕೆ ಎಂದು ವಾಚಕರು ಕೇಳಬಹುದು. ಜಗಳ ಹಳೆಯದಾದರೂ ಅದರಲ್ಲಿ ಕೇಳಿಬಂದ ಮಾತು ಹಳೆಯದಾಗಿಲ್ಲ. ನೊಂದ ಮಗುವಿನ ಮುಂದೆ ನಾವು ಇಂದಿಗೂ ಆಡುವ ಮಾತೇ ಅದು: ‘ಸಾಕು, ಸುಮ್ಮನಿರು.’ ಆ ಪುಸ್ತಕದ ಬಗ್ಗೆ ಕೇಳಿಬಂದ ಆಕ್ಷೇಪಗಳಲ್ಲಿ ಬಹುಪಾಲು ಪುಸ್ತಕದ ದೋಷವನ್ನಲ್ಲ, ದುಃಖದ ಮುಂದೆ ನಮಗಿರುವ ಅಸಹನೆಯನ್ನು ಹೊರಗೆಡಹುತ್ತವೆ ಎಂಬುದೇ ಈ ಲೇಖನದ ವಾದ.

ಮೊದಲು ಆ ಹುಡುಗನಿಗೆ ಏನಾಗಿತ್ತೆಂದು ನೋಡೋಣ. ಹ್ಯಾರಿ ಒಂದು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳು ಕೊಲೆಯಾದವರು. 2000ದ ಜುಲೈಯಲ್ಲಿ ಬಂದ ನಾಲ್ಕನೆಯ ಪುಸ್ತಕದ ಕೊನೆಗೆ, ಅವನ ಕಣ್ಣೆದುರಿಗೇ ಸೆಡ್ರಿಕ್ ಡಿಗರಿ ಎಂಬ ಸಹಪಾಠಿಯನ್ನು ಕ್ಷಣಮಾತ್ರದಲ್ಲಿ, ಯಾವ ಕಾರಣವೂ ಇಲ್ಲದೆ, ಕೊಲ್ಲಲಾಗುತ್ತದೆ. ಆ ಶವವನ್ನು ಅವನ ತಂದೆತಾಯಿಗಳ ಬಳಿಗೆ ಹೊತ್ತು ತಂದವನು ಹ್ಯಾರಿಯೇ. ಅದು ನಡೆದದ್ದು ಜೂನ್ ತಿಂಗಳಲ್ಲಿ. ಐದನೆಯ ಪುಸ್ತಕ ತೆರೆದುಕೊಳ್ಳುವುದು ಅದೇ ವರ್ಷದ ಬೇಸಿಗೆಯ ರಜೆಯಲ್ಲಿ. ಈ ನಡುವೆ ಯಾರೂ ಅವನೊಡನೆ ಆ ರಾತ್ರಿಯ ಕುರಿತು ಮಾತನಾಡಿಲ್ಲ. ಅವನನ್ನು ಪ್ರೀತಿಸದ ಬಂಧುಗಳ ಮನೆಯಲ್ಲಿ ಬಿಟ್ಟಿದ್ದಾರೆ. ಗೆಳೆಯರ ಪತ್ರಗಳು ಬರುತ್ತವೆ, ಆದರೆ ಅವುಗಳಲ್ಲಿ ಸುದ್ದಿಯಿಲ್ಲ. ಏನನ್ನೂ ತಿಳಿಸಬಾರದೆಂದು ಹಿರಿಯರು ಆ ಗೆಳೆಯರಿಂದ ಮಾತು ತೆಗೆದುಕೊಂಡಿದ್ದಾರೆ. ಹುಡುಗ ರಾತ್ರಿ ಕೆಟ್ಟ ಕನಸು ಕಂಡು ಕಿರುಚುತ್ತಾನೆ. ಅದನ್ನು ಕೇಳಿಸಿಕೊಂಡ ಸೋದರ ಬಂಧು ಹಗಲಿನಲ್ಲಿ ಅಣಕಿಸುತ್ತಾನೆ.

ಇಂಥವನು ಕಡೆಗೂ ಗೆಳೆಯರನ್ನು ಕಂಡಾಗ ಕೂಗಾಡಿದರೆ ಆಶ್ಚರ್ಯವೇನು? ಅವನು ನಗುನಗುತ್ತಾ ಕೈಕುಲುಕಿದ್ದರೆ ಅದಲ್ಲವೇ ಸುಳ್ಳು? ಹಿಂದಿನ ಪುಸ್ತಕದ ಅಂತ್ಯವನ್ನು ಕಣ್ಣೀರಿಟ್ಟು ಓದಿದವರೇ ಮುಂದಿನ ಪುಸ್ತಕದ ಆರಂಭದಲ್ಲಿ ಅವನಿಗೆ ಅಳುವ ಹಕ್ಕಿಲ್ಲವೆಂದರು. ಮೂರು ವರ್ಷ ಕಾದಿದ್ದ ಓದುಗರಿಗೆ ಸೆಡ್ರಿಕ್‌ನ ಸಾವು ಹಳೆಯದಾಗಿತ್ತು. ಹ್ಯಾರಿಗೆ ಅದು ಕೆಲವೇ ವಾರಗಳ ಹಿಂದಿನದು. ಸಾವಿನ ಮನೆಯಲ್ಲಿ ನಡೆಯುವುದೂ ಇದೇ. ಬಂಧುಗಳಿಗೆ ತಿಂಗಳ ಪೂಜೆಯೊಂದಿಗೆ ದುಃಖ ಮುಗಿಯುತ್ತದೆ. ಮನೆಯವರಿಗೆ ಅಂದು ಅದು ಆರಂಭವಾಗುತ್ತದೆ.

ದುಃಖಿಸುವವರು ಹೀಗೆಯೇ ದುಃಖಿಸಬೇಕೆಂದು ನಾವೊಂದು ಮಾದರಿಯನ್ನು ಮಾಡಿಟ್ಟುಕೊಂಡಿದ್ದೇವೆ. ಅವರು ಮೆಲ್ಲನೆ ಅಳಬೇಕು, ತಲೆಬಾಗಿಸಿ ಕೂರಬೇಕು, ಸಾಂತ್ವನ ಹೇಳಿದವರಿಗೆ ಕೃತಜ್ಞರಾಗಿರಬೇಕು. ಅಂಥವರನ್ನು ಕಂಡರೆ ನಮಗೆ ಕನಿಕರ. ಆದರೆ ದುಃಖವು ಸಿಟ್ಟಿನ ರೂಪ ತಾಳಿ ಬಂದರೆ ನಾವು ಅದನ್ನು ಗುರುತಿಸುವುದೇ ಇಲ್ಲ. ಹದಿನೈದರ ಹುಡುಗರಲ್ಲಿ ಅದು ಬಹುತೇಕ ಬರುವುದು ಆ ರೂಪದಲ್ಲಿಯೇ. ಅವರಿಗೆ ಅಳಲು ನಾಚಿಕೆ. ಅಳಬಾರದೆಂದು ನಾವೇ ಕಲಿಸಿದ್ದೇವೆ. ಉಳಿದದ್ದು ಬಾಗಿಲನ್ನು ಜೋರಾಗಿ ಬಡಿಯುವುದೊಂದೇ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. 2004ರ ಮಳೆಗಾಲದಲ್ಲಿ ನಾನು ಒಂದು ವಿದ್ಯಾರ್ಥಿನಿಲಯದ ಹೊಣೆ ಹೊತ್ತಿದ್ದೆ. ಗುರುದೀಕ್ಷೆ ಪಡೆದು ಹೆಚ್ಚು ವರ್ಷಗಳಾಗಿರಲಿಲ್ಲ. ಶಿಸ್ತಿನಲ್ಲಿ ನಂಬಿಕೆ ಹೆಚ್ಚಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಆ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಶಾಲೆ ಆರಂಭವಾದಾಗ ಅವನು ಮರಳಿ ಬಂದ. ನಾನು ಅವನ ಹೆಗಲು ತಟ್ಟಿ, ‘ಇನ್ನು ಮನೆಗೆ ನೀನೇ ಗಂಡಸು, ಧೈರ್ಯವಾಗಿರಬೇಕು’ ಎಂದೆ. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಕೆಲವು ವಾರಗಳಲ್ಲಿ ಅವನು ಊಟದ ಮನೆಯಲ್ಲಿ ಜಗಳವಾಡಿದ, ಹಿರಿಯರಿಗೆ ಎದುರುತ್ತರ ಕೊಟ್ಟ, ಒಂದು ಸಂಜೆ ಕಿಟಕಿಯ ಗಾಜನ್ನು ಒಡೆದ. ನಾನು ಶಿಕ್ಷೆ ವಿಧಿಸಿದೆ. ಅವನ ದಿಂಬಿನ ಕೆಳಗೆ ಸಿಕ್ಕಿದ, ಯಾರಿಂದಲೋ ಎರವಲು ತಂದಿದ್ದ ಈ ದಪ್ಪ ಪುಸ್ತಕವನ್ನು ಕಿತ್ತುಕೊಂಡೆ. ‘ಇಂಥವನ್ನು ಓದಿಯೇ ನೀನು ಹೀಗಾಗಿರುವುದು’ ಎಂದೆ. ಅವನು ಒಂದೇ ಮಾತು ಹೇಳಿದ: ‘ಫಾದರ್, ಅದರಲ್ಲಿ ಅವನಿಗೂ ಕೋಪ ಬರುತ್ತದೆ.’

ಆ ಮಾತನ್ನು ನಾನು ಉದ್ಧಟತನವೆಂದು ತಿಳಿದೆ. ತಪ್ಪು ಹುಡುಕುವ ಉದ್ದೇಶದಿಂದಲೇ ಪುಸ್ತಕವನ್ನು ಓದತೊಡಗಿದೆ. ಕಥಾನಾಯಕ ಅವಿಧೇಯನೆಂದೂ ಮುಂಗೋಪಿಯೆಂದೂ ತೀರ್ಮಾನಿಸಿದೆ. ವರ್ಷದ ಕೊನೆಗೆ ಪುಸ್ತಕವನ್ನು ಹುಡುಗನಿಗೆ ಹಿಂದಿರುಗಿಸಿದೆ. ಅವನು ಏನೂ ಹೇಳದೆ ತೆಗೆದುಕೊಂಡು ಹೋದ. ಆ ವರ್ಷವಿಡೀ ಅವನ ತಂದೆಯ ಹೆಸರನ್ನು ನಾನು ಒಮ್ಮೆಯೂ ಎತ್ತಲಿಲ್ಲ. ಆದ್ದರಿಂದ, ಈ ಲೇಖನದಲ್ಲಿ ನಾನು ಯಾರನ್ನು ಟೀಕಿಸುತ್ತಿದ್ದೇನೆಯೋ ಅವರ ಸಾಲಿನಲ್ಲಿ ಮೊದಲು ನಿಂತಿರುವವನು ನಾನೇ ಎಂಬುದನ್ನು ವಾಚಕರು ಮರೆಯದಿರಲಿ.

ಇದೇ ಪುಸ್ತಕದಲ್ಲಿ ಡೊಲೊರೆಸ್ ಅಂಬ್ರಿಜ್ ಎಂಬ ಶಿಕ್ಷಕಿ ಬರುತ್ತಾಳೆ. ಸರ್ಕಾರದಿಂದ ನೇಮಕಗೊಂಡು ಶಾಲೆಗೆ ಬಂದವಳು. ತಿಳಿಗುಲಾಬಿ ಬಣ್ಣದ ಉಡುಪು, ಸಿಹಿಯಾದ ದನಿ, ಗೋಡೆಯ ತುಂಬ ಬೆಕ್ಕಿನಮರಿಗಳ ಚಿತ್ರವಿರುವ ತಟ್ಟೆಗಳು. ಕೇಡಿಗನಾದ ವೊಲ್ಡೆಮಾರ್ಟ್ ಮರಳಿ ಬಂದಿದ್ದಾನೆ, ಸೆಡ್ರಿಕ್‌ನನ್ನು ಕೊಂದವನು ಅವನೇ ಎಂದು ಹ್ಯಾರಿ ತರಗತಿಯಲ್ಲಿ ಹೇಳಿದಾಗ ಅವಳು ಅದನ್ನು ಸುಳ್ಳೆಂದು ಸಾರುತ್ತಾಳೆ. ಶಿಕ್ಷೆಯಾಗಿ, ತಾನು ಸುಳ್ಳು ಹೇಳಬಾರದೆಂಬ ವಾಕ್ಯವನ್ನು ಅವನು ಮತ್ತೆ ಮತ್ತೆ ಬರೆಯಬೇಕು. ಆ ಲೇಖನಿಗೆ ಶಾಯಿ ಬೇಕಿಲ್ಲ. ಕಾಗದದ ಮೇಲೆ ಬರೆದ ಮಾತು ಅವನ ಕೈಯ ಹಿಂಬದಿಯಲ್ಲಿ ಕೊರೆದುಕೊಳ್ಳುತ್ತದೆ. ಅಕ್ಷರ ಮೂಡುವುದು ಅವನ ರಕ್ತದಲ್ಲಿ.

‘ಇದು ಕ್ರೌರ್ಯದ ಅತಿರೇಕ, ಮಕ್ಕಳಿಗೆ ಹೇಳತಕ್ಕದ್ದಲ್ಲ’ ಎಂದವರಿದ್ದಾರೆ. ನಾನು ಕೇಳುವುದಿಷ್ಟೇ: ಮಕ್ಕಳು ನಿಜ ಹೇಳಿದಾಗ ಸುಳ್ಳುಗಾರರೆನಿಸಿಕೊಂಡದ್ದು ಕಥೆಯಲ್ಲಿ ಮಾತ್ರವೇ? ದೊಡ್ಡವರೊಬ್ಬರು ತನಗೆ ಮಾಡಿದ ಕೇಡನ್ನು ಮಗು ಹೇಳಿಕೊಂಡಾಗ, ಮನೆತನದ ಮರ್ಯಾದೆಗೋ ಸಂಸ್ಥೆಯ ಹೆಸರಿಗೋ ಅಂಜಿ ಅದರ ಬಾಯಿ ಮುಚ್ಚಿಸಿದ ಉದಾಹರಣೆಗಳು ಲೋಕದಲ್ಲಿ ಕಡಿಮೆಯೇ? ಇದನ್ನು ಬೇರೆಯವರ ಕಡೆ ಬೆರಳು ತೋರಿಸಿ ಹೇಳುವ ನೈತಿಕ ಹಕ್ಕು ನಮ್ಮ ಧರ್ಮಸಭೆಗೆ ಇಲ್ಲ. ಪುಸ್ತಕ ಬರುವುದಕ್ಕೆ ಹದಿನೇಳು ತಿಂಗಳು ಮೊದಲು, 2002ರ ಜನವರಿಯಲ್ಲಿ, ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ಗುರುಗಳಿಂದ ಮಕ್ಕಳ ಮೇಲಾದ ದೌರ್ಜನ್ಯಗಳನ್ನೂ, ಅವನ್ನು ಮುಚ್ಚಿಟ್ಟ ಬಗೆಯನ್ನೂ ಬಯಲು ಮಾಡಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷರು ರಾಜೀನಾಮೆ ನೀಡಬೇಕಾಯಿತು. ಆ ಮಕ್ಕಳ ಕೈಯ ಮೇಲೆ ಕಣ್ಣಿಗೆ ಕಾಣುವ ಗಾಯವಿರಲಿಲ್ಲ, ನಿಜ. ರೌಲಿಂಗ್ ಕಾಣದ ಗಾಯವನ್ನು ಕಾಣುವಂತೆ ಬರೆದರು. ಕಾಣಿಸಿದ್ದೇ ತಪ್ಪು ಎನ್ನುವುದಾದರೆ, ನಮಗೆ ನೋವಾದದ್ದು ಗಾಯಕ್ಕೋ ಅದು ಕಂಡದ್ದಕ್ಕೋ?

ಇನ್ನು ಕತ್ತಲು ಹೆಚ್ಚಾಯಿತು, ಸಾವು ಹೆಚ್ಚಾಯಿತು ಎಂಬ ಪೋಷಕರ ಮಾತು. ಈ ಪುಸ್ತಕದ ಕೊನೆಗೆ ಹ್ಯಾರಿಗೆ ತಂದೆಯ ಸ್ಥಾನದಲ್ಲಿದ್ದ ಸಿರಿಯಸ್ ಬ್ಲ್ಯಾಕ್ ಸಾಯುತ್ತಾನೆ. ಹೋರಾಟದ ನಡುವೆ, ನಗುತ್ತಿದ್ದವನು, ಒಂದು ಕಮಾನಿಗೆ ತೂಗುಬಿಟ್ಟ ಪರದೆಯ ಹಿಂದಕ್ಕೆ ಬೀಳುತ್ತಾನೆ, ಅಷ್ಟೇ. ಕೊನೆಯ ಮಾತಿಲ್ಲ, ಹರಕೆಯಿಲ್ಲ, ಶವವೂ ಇಲ್ಲ. ಓದುಗರು ಇದನ್ನು ಅನ್ಯಾಯವೆಂದರು. ಪುಸ್ತಕ ಬಿಡುಗಡೆಯ ಹೊತ್ತಿನಲ್ಲಿ ದೂರದರ್ಶನದ ಸಂದರ್ಶನವೊಂದರಲ್ಲಿ ರೌಲಿಂಗ್ ಈ ಸಾವನ್ನು ಬರೆದು ತಾವೇ ಅತ್ತದ್ದನ್ನು ಹೇಳಿಕೊಂಡರು. ಹಾಗಿದ್ದರೆ ಸಾಯಿಸಬೇಡ ಎಂದು ಪತಿ ಹೇಳಿದರಂತೆ. ಅದು ಹಾಗಾಗುವ ಮಾತಲ್ಲವೆಂದು ಇವರು ಉತ್ತರಿಸಿದರಂತೆ. ಅವರಿಗೆ ಅದು ಗೊತ್ತಿತ್ತು. ಸುಮಾರು ಹತ್ತು ವರ್ಷ ನರಗಳ ಕಾಯಿಲೆಯಿಂದ ನರಳಿದ ಅವರ ತಾಯಿ 1990ರ ಡಿಸೆಂಬರ್ ಕೊನೆಗೆ ತಮ್ಮ 45ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಮಗಳು ಹ್ಯಾರಿಯ ಕಥೆಯನ್ನು ಬರೆಯತೊಡಗಿ ಕೆಲವೇ ತಿಂಗಳಾಗಿತ್ತು. ಆ ಕಥೆಯ ವಿಷಯವನ್ನು ತಾಯಿಗೆ ಹೇಳಿರಲೇ ಇಲ್ಲ. ಹೇಳದೆ ಉಳಿದ ಮಾತು ಎಂದರೇನೆಂದು ಬಲ್ಲವರು ಬರೆದ ಸಾವು ಅದು. ನಮ್ಮ ಧರ್ಮಕೇಂದ್ರಗಳಲ್ಲಿ ರಸ್ತೆ ಅಪಘಾತದಲ್ಲಿ, ಹೃದಯಾಘಾತದಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ಕೇಳಿ ನೋಡಿ. ಅವರಲ್ಲಿ ಎಷ್ಟು ಮಂದಿಗೆ ಕೊನೆಯ ಮಾತು ದಕ್ಕಿದೆ?

ಮಕ್ಕಳ ಕಥೆಗಳಲ್ಲಿ ಸಾವು ಇರಬಾರದೆಂಬುದು ಹೊಸ ಕಾಲದ ಕೋಮಲ ಕಲ್ಪನೆ. ಕನ್ನಡದ ಮಕ್ಕಳು ತಲೆತಲಾಂತರದಿಂದ ‘ಗೋವಿನ ಹಾಡು’ ಕೇಳಿ ಬೆಳೆದವರು. ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಸಾವಿನತ್ತ ಹೊರಟ ತಾಯಿ, ಇನ್ನು ತನಗೆ ಯಾರು ದಿಕ್ಕೆಂದು ಹಲುಬುವ ಕರು: ಇದಕ್ಕಿಂತ ಕತ್ತಲಿನ ಸನ್ನಿವೇಶವನ್ನು ಐದು ವರ್ಷದ ಕೂಸಿನ ಮುಂದೆ ಇಡಲು ಸಾಧ್ಯವೇ? ಕೊನೆಗೆ ಪುಣ್ಯಕೋಟಿ ಉಳಿಯುತ್ತಾಳೆ, ಆದರೆ ಹುಲಿ ಪ್ರಾಣ ಬಿಡುತ್ತದೆ. ನಮ್ಮ ಅಜ್ಜಿಯರು ಆ ಹಾಡನ್ನು ಮೊಟಕುಗೊಳಿಸಲಿಲ್ಲ. ಕರುವಿನೊಡನೆ ನಾವೂ ಅತ್ತೆವು. ಅಳುತ್ತಲೇ ಸತ್ಯದ ಬೆಲೆಯನ್ನು ಕಲಿತೆವು. ಹದಿನಾರರ ಅಭಿಮನ್ಯುವನ್ನು ಚಕ್ರವ್ಯೂಹದಲ್ಲಿ ಕೊಂದ ಕಥೆಯನ್ನು ಮಕ್ಕಳಿಗೆ ಹೇಳಿದ ನಾಡು ನಮ್ಮದು. ಯೇಸುಸ್ವಾಮಿಯ ಜನನದ ಕಥೆಯಲ್ಲಿಯೂ ಹೆರೋದನ ಕತ್ತಿ ಇದೆ, ಬೆತ್ಲೆಹೇಮಿನ ತಾಯಂದಿರ ಗೋಳಿದೆ. ಗೋದಲಿಯಲ್ಲಿ ನಾವು ಅದನ್ನು ಇಡುವುದಿಲ್ಲವೆಂದ ಮಾತ್ರಕ್ಕೆ ಸಂತ ಮತ್ತಾಯರು ಅದನ್ನು ಬರೆಯದೆ ಬಿಡಲಿಲ್ಲ.

ಈ ಪುಸ್ತಕದಲ್ಲಿ ಥೆಸ್ಟ್ರಲ್ ಎಂಬ ಪ್ರಾಣಿಗಳಿವೆ. ಎಲುಬಿನ ಹಂದರದಂಥ, ರೆಕ್ಕೆಯುಳ್ಳ ಕಪ್ಪು ಕುದುರೆಗಳು. ಶಾಲೆಯ ಗಾಡಿಗಳನ್ನು ಎಳೆಯುವುದು ಅವೇ. ಆದರೆ ಸಾವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಅವು ಕಾಣುತ್ತವೆ. ನಾಲ್ಕು ವರ್ಷ ಹ್ಯಾರಿಗೆ ಆ ಗಾಡಿಗಳು ತಾವಾಗಿ ಚಲಿಸುತ್ತಿದ್ದವು. ಈಗ ಅವುಗಳನ್ನು ಎಳೆಯುವವರು ಕಾಣುತ್ತಾರೆ. ಪಕ್ಕದಲ್ಲಿರುವ ಗೆಳೆಯರಿಗೆ ಏನೂ ಕಾಣದು. ತನಗೆ ಹುಚ್ಚು ಹಿಡಿಯಿತೇ ಎಂದು ಅವನು ಅಂಜುತ್ತಾನೆ. ತಾಯಿಯನ್ನು ಕಳೆದುಕೊಂಡ ಮಗು ಮೊದಲ ದಿನ ಶಾಲೆಗೆ ಮರಳಿದಾಗ ಅದರ ಸ್ಥಿತಿ ಇದೇ ಅಲ್ಲವೇ? ಶಾಲೆ ಅದೇ, ಬೆಂಚು ಅದೇ, ಗೆಳೆಯರು ಅವರೇ. ಆದರೆ ಉಳಿದವರಿಗೆ ಕಾಣದ್ದೊಂದು ಇದಕ್ಕೆ ಕಾಣುತ್ತಿದೆ. ಅಂಥ ಮಗುವಿಗೆ, ‘ನಿನಗೆ ಹುಚ್ಚಿಲ್ಲ, ಅದು ನಿಜವಾಗಿಯೂ ಅಲ್ಲಿದೆ, ಕಂಡವರು ಇನ್ನೂ ಇದ್ದಾರೆ’ ಎಂದು ಹೇಳುವ ಪುಸ್ತಕವನ್ನು ಕತ್ತಲೆಯ ಪುಸ್ತಕ ಎನ್ನಲು ನನ್ನ ನಾಲಿಗೆ ಈಗ ಏಳುವುದಿಲ್ಲ.

ನಮ್ಮವರ ಆಕ್ಷೇಪಕ್ಕೆ ಬರೋಣ. ಅಮೆರಿಕದ ಗ್ರಂಥಾಲಯ ಸಂಘದ ದಾಖಲೆಯಂತೆ 2000ದಿಂದ 2009ರವರೆಗಿನ ದಶಕದಲ್ಲಿ ತೆಗೆದುಹಾಕಬೇಕೆಂಬ ಒತ್ತಾಯಕ್ಕೆ ಅತಿ ಹೆಚ್ಚು ಗುರಿಯಾದದ್ದು ಈ ಮಾಲೆಯೇ. 2001ರ ಡಿಸೆಂಬರ್ 30ರಂದು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಪಟ್ಟಣದಲ್ಲಿ ಕ್ರೈಸ್ತ ಸಭೆಯೊಂದು ಈ ಪುಸ್ತಕಗಳನ್ನು ಬೆಂಕಿಗೆ ಹಾಕಿತು. 2019ರ ಮಾರ್ಚ್‌ನಲ್ಲಿ ಪೋಲೆಂಡಿನ ಗ್ಡಾನ್ಸ್ಕ್ ನಗರದಲ್ಲಿ ಕಥೋಲಿಕ ಗುರುಗಳೇ ಇಂಥ ಕೆಲಸ ಮಾಡಿ ಆಮೇಲೆ ಕ್ಷಮೆ ಕೋರಿದರು. ಕಾರ್ಡಿನಲ್ ರಾಟ್ಸಿಂಗರ್ 2003ರ ಮಾರ್ಚ್‌ನಲ್ಲಿ, ಈ ಮಾಲೆಯನ್ನು ಟೀಕಿಸಿದ ಜರ್ಮನ್ ಲೇಖಕಿಯೊಬ್ಬರಿಗೆ ಮೆಚ್ಚುಗೆಯ ಪತ್ರ ಬರೆದದ್ದೂ, ಅವರು ಜಗದ್ಗುರುವಾದ ಬಳಿಕ 2005ರಲ್ಲಿ ಅದು ಸುದ್ದಿಯಾದದ್ದೂ ನಿಜ. ಅದೇ 2003ರ ಫೆಬ್ರವರಿಯಲ್ಲಿ ವ್ಯಾಟಿಕನ್ನಿನ ಪತ್ರಿಕಾಗೋಷ್ಠಿಯಲ್ಲಿ ಫಾದರ್ ಪೀಟರ್ ಫ್ಲೀಟ್‌ವುಡ್ ಈ ಪುಸ್ತಕಗಳ ಪರವಾಗಿ ಮಾತನಾಡಿದ್ದೂ ಅಷ್ಟೇ ನಿಜ. 2008ರ ಜನವರಿಯಲ್ಲಿ ವ್ಯಾಟಿಕನ್ನಿನ ದಿನಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಪರ ಮತ್ತು ವಿರೋಧದ ಲೇಖನಗಳೆರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿತು. ಅಂದರೆ ಧರ್ಮಸಭೆ ಈ ವಿಷಯದಲ್ಲಿ ಯಾವ ತೀರ್ಪನ್ನೂ ವಿಧಿಸಿಲ್ಲ, ಸಜ್ಜನರಲ್ಲಿ ಭಿನ್ನಾಭಿಪ್ರಾಯವಿದೆ.

ಮಾಟಮಂತ್ರದ ಆಕರ್ಷಣೆಯ ಬಗ್ಗೆ ಎಚ್ಚರ ಹೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಯ ಬಿತ್ತಿ ಹಣ ಕೀಳುವ ಮಂತ್ರವಾದಿಗಳ ಬಾಗಿಲಿಗೆ ನಮ್ಮ ಭಕ್ತಾದಿಗಳೂ ಹೋಗುವುದನ್ನು ಬಲ್ಲೆ. ಆದರೆ ಮಂತ್ರದಂಡವನ್ನು ನೋಡುತ್ತಾ ನಿಂತವರಿಗೆ ಸಮಾಧಿ ಕಾಣಲಿಲ್ಲ ಎಂಬುದು ನನ್ನ ದೂರು. ಈ ಕಥೆಯಲ್ಲಿ ಯಾವ ಮಂತ್ರವೂ ಸತ್ತವರನ್ನು ಮರಳಿ ತರುವುದಿಲ್ಲ. ಸಾವನ್ನು ಹೇಗಾದರೂ ಗೆದ್ದೇ ತೀರುವೆನೆಂದು ಆತ್ಮವನ್ನೇ ತುಂಡರಿಸಿಕೊಂಡವನು ಅದರ ಖಳನಾಯಕ. 2007ರಲ್ಲಿ ಬಂದ ಕೊನೆಯ ಸಂಪುಟದಲ್ಲಿ ಹ್ಯಾರಿ ತನ್ನ ತಂದೆತಾಯಿಗಳ ಸಮಾಧಿಯ ಬಳಿ ನಿಲ್ಲುತ್ತಾನೆ. ಆ ಕಲ್ಲಿನ ಮೇಲಿರುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದ, ಮರಣದ ಕುರಿತಾದ 26ನೆಯ ವಾಕ್ಯ. ಪಕ್ಕದ ಇನ್ನೊಂದು ಕುಟುಂಬದ ಸಮಾಧಿಯ ಮೇಲೆ ಮತ್ತಾಯರ ಶುಭಸಂದೇಶದ 6ನೆಯ ಅಧ್ಯಾಯದ, ಸಂಪತ್ತು ಮತ್ತು ಹೃದಯದ ಕುರಿತಾದ 21ನೆಯ ವಾಕ್ಯ. ಇಡೀ ಮಾಲೆಯ ಸಾರ ಬಹುಮಟ್ಟಿಗೆ ಈ ಎರಡು ವಾಕ್ಯಗಳಲ್ಲಿದೆಯೆಂದು ಲೇಖಕಿಯೇ ಆ ವರ್ಷ ಹೇಳಿದರು. ಸುಟ್ಟವರು ಕೊನೆಯವರೆಗೆ ಓದಬಹುದಿತ್ತು.

ಆಕ್ಷೇಪಿಸುವವರು ಬೈಬಲನ್ನು ಕೈಯಲ್ಲಿ ಹಿಡಿದಿದ್ದಾರಾದ್ದರಿಂದ ಅದರ ಪುಟಗಳನ್ನೇ ತೆರೆಯೋಣ. 88ನೆಯ ಕೀರ್ತನೆಯನ್ನು ಓದಿ. ಬೇರೆ ಪ್ರಲಾಪಗೀತೆಗಳು ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲಿನಲ್ಲಿಯೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಕಿತ್ತು ಹಾಕಲಿಲ್ಲ. ಶುಕ್ರವಾರದ ರಾತ್ರಿಪ್ರಾರ್ಥನೆಯಲ್ಲಿ ಗುರುಗಳೂ ಧರ್ಮಭಗಿನಿಯರೂ ಇಂದಿಗೂ ಅದನ್ನು ಪ್ರಾರ್ಥಿಸುತ್ತಾರೆ. ಯೋಬನ ಗ್ರಂಥದಲ್ಲಿ ಗೆಳೆಯರು ಏಳು ದಿನ ಮೌನವಾಗಿ ಅವನ ಪಕ್ಕದಲ್ಲಿ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದದ್ದೇ, ಅವನ ಕೂಗಾಟವನ್ನು ತಿದ್ದತೊಡಗಿದರು. ಗ್ರಂಥದ ಕೊನೆಗೆ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ಲಾಜರನ ಅಕ್ಕ ಮಾರ್ತಳು ತಡವಾಗಿ ಬಂದ ಪ್ರಭುವನ್ನು ನೇರವಾಗಿ ಆಕ್ಷೇಪಿಸಿದಳು. ಪ್ರಭು ಅವಳನ್ನು ಗದರಿಸಲಿಲ್ಲ. ಸಮಾಧಿಯ ದಾರಿಯಲ್ಲಿ ಅವರೂ ಅತ್ತರು.

ವಿರೋಧಿಗಳ ಪರವಾಗಿಯೂ ಕೆಲವು ಮಾತು ಹೇಳದಿದ್ದರೆ ನ್ಯಾಯವಾಗದು. ಪುಸ್ತಕ ಉದ್ದವಾಯಿತು ಎಂಬುದು ಸತ್ಯ. ನೂರು ಪುಟ ಕಡಿಮೆಯಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಮೊದಲ ಪುಸ್ತಕವನ್ನು ಸವಿದ ಎಂಟು ವರ್ಷದ ಮಗುವಿಗೆ ಬೆನ್ನುಬೆನ್ನಿಗೇ ಐದನೆಯದನ್ನು ಕೊಡುವುದು ವಿವೇಕವಲ್ಲ. 1997ರಲ್ಲಿ ಒಂಬತ್ತು ವರ್ಷವಿದ್ದ ಓದುಗ 2003ರಲ್ಲಿ ಕಥಾನಾಯಕನಂತೆಯೇ ಹದಿನೈದಕ್ಕೆ ಬಂದಿದ್ದ. ಇಂದು ಏಳೂ ಪುಸ್ತಕಗಳು ಒಂದೇ ಪೆಟ್ಟಿಗೆಯಲ್ಲಿ ದೊರೆಯುವುದರಿಂದ ಆ ಕಾಯುವಿಕೆಯ ರಕ್ಷಣೆ ಇಲ್ಲ, ಅದನ್ನು ಹೆತ್ತವರೇ ಒದಗಿಸಬೇಕು. ಕಾದಂಬರಿಕಾರ್ತಿ ಎ. ಎಸ್. ಬ್ಯಾಟ್ 2003ರ ಜುಲೈಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ, ವಯಸ್ಕರು ಇದಕ್ಕೆ ಮುಗಿಬೀಳುವುದನ್ನು ಕಟುವಾಗಿ ಟೀಕಿಸಿದ್ದರು. ಅದರಲ್ಲಿಯೂ ಆಲೋಚಿಸಬೇಕಾದ ಅಂಶವಿದೆ. ಕತ್ತಲು ಮಾರಾಟವಾಗುತ್ತದೆಂದು ಕಂಡುಕೊಂಡು, ರಕ್ತವನ್ನೇ ಗಾಂಭೀರ್ಯವೆಂದು ಭ್ರಮಿಸಿ ಬರೆದ ಪುಸ್ತಕಗಳೂ ಸಾಕಷ್ಟು ಬಂದಿವೆ. ಕತ್ತಲಿದ್ದ ಮಾತ್ರಕ್ಕೆ ಪುಸ್ತಕ ಸತ್ಯವಾಗುವುದಿಲ್ಲ. ಅದನ್ನು ಅಳೆಯುವ ನನ್ನ ಕೋಲು ಇದು: ನೊಂದವನನ್ನು ಅದು ನೋಟದ ವಸ್ತುವಾಗಿಸುತ್ತದೆಯೋ, ಅಥವಾ ಅವನ ಪಕ್ಕದಲ್ಲಿ ಕೂರುತ್ತದೆಯೋ?

ಈ ಪುಸ್ತಕ ಕೂರುತ್ತದೆ. ಸಿರಿಯಸ್ ಸತ್ತ ರಾತ್ರಿ ಹ್ಯಾರಿಯನ್ನು ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಅವರ ಕೊಠಡಿಗೆ ಕರೆತರುತ್ತಾರೆ. ಹುಡುಗ ಅಲ್ಲಿನ ಸೂಕ್ಷ್ಮ ಉಪಕರಣಗಳನ್ನು ಎತ್ತಿ ಗೋಡೆಗೆ ಬಡಿಯುತ್ತಾನೆ. ವೃದ್ಧ ಗುರು ತಡೆಯುವುದಿಲ್ಲ, ಗದರಿಸುವುದಿಲ್ಲ. ಈ ನೋವು ಮನುಷ್ಯತ್ವದ ಗುರುತು, ಇದು ನಾಚಿಕೆಯಲ್ಲ ಎಂಬರ್ಥದ ಮಾತು ಹೇಳುತ್ತಾರೆ. ಬಳಿಕ ಅವರು ಮಾಡುವುದು ನಮ್ಮ ಹಿರಿಯರಲ್ಲಿ ಅಪರೂಪವಾದ ಕೆಲಸ. ತಪ್ಪು ತಮ್ಮದೆಂದು ಒಪ್ಪಿಕೊಳ್ಳುತ್ತಾರೆ. ಹುಡುಗನಿಗೆ ನೋವಾಗದಿರಲೆಂದು ವರ್ಷಗಟ್ಟಲೆ ಸತ್ಯವನ್ನು ಬಚ್ಚಿಟ್ಟೆ, ಆ ಬಚ್ಚಿಟ್ಟದ್ದೇ ಈ ಸಾವಿಗೆ ದಾರಿಯಾಯಿತು ಎನ್ನುತ್ತಾರೆ. ಪ್ರೀತಿಯಿಂದಲೇ ಮಾಡಿದ ತಪ್ಪು ಅದು. ‘ಮಕ್ಕಳಿಗೆ ಇದನ್ನೆಲ್ಲ ಹೇಳಬಾರದು’ ಎಂದು ಪುಸ್ತಕವನ್ನು ಆಕ್ಷೇಪಿಸಿದವರು ಈ ಅಧ್ಯಾಯವನ್ನು ಹೇಗೆ ದಾಟಿ ಹೋದರೆಂದು ನನಗೆ ಆಶ್ಚರ್ಯ. ಅವರ ಆಕ್ಷೇಪಕ್ಕೆ ಉತ್ತರ ಪುಸ್ತಕದೊಳಗೇ ಅಚ್ಚಾಗಿದೆ.

ಆದರೂ ಆ ರಾತ್ರಿ ಹುಡುಗನಿಗೆ ಸಮಾಧಾನವಾಗುವುದಿಲ್ಲ. ಸ್ವಲ್ಪ ಸಮಾಧಾನ ದೊರಕುವುದು ಕೊನೆಯ ಅಧ್ಯಾಯದಲ್ಲಿ, ಎಲ್ಲರೂ ಹುಚ್ಚಿಯೆಂದು ನಗುವ ಲೂನಾ ಎಂಬ ಹುಡುಗಿಯಿಂದ. ಅವಳ ವಸ್ತುಗಳನ್ನು ಸಹಪಾಠಿಗಳು ಬಚ್ಚಿಟ್ಟಿದ್ದಾರೆ, ಅವನ್ನು ಹುಡುಕುತ್ತಿದ್ದಾಳೆ. ಒಂಬತ್ತನೆಯ ವಯಸ್ಸಿನಲ್ಲಿ ತನ್ನ ತಾಯಿ ಸತ್ತದ್ದನ್ನು ಹೇಳುತ್ತಾಳೆ. ಈಗಲೂ ಒಮ್ಮೊಮ್ಮೆ ತುಂಬ ದುಃಖವಾಗುತ್ತದೆ ಎನ್ನುತ್ತಾಳೆ. ಮತ್ತೆ ಕಾಣುವೆನೆಂಬ ನಂಬಿಕೆಯನ್ನು ಉಪದೇಶದ ಧಾಟಿಯಿಲ್ಲದೆ, ಹವಾಮಾನದ ಮಾತಿನಷ್ಟು ಸಹಜವಾಗಿ ಹೇಳುತ್ತಾಳೆ. ಹ್ಯಾರಿಯ ಎದೆಯ ಭಾರ ತುಸು ಕಡಿಮೆಯಾಗುತ್ತದೆ. ಪುನರುತ್ಥಾನದ ಕುರಿತು ನೂರಾರು ಪ್ರಸಂಗ ಮಾಡಿದ ನನಗೆ ಆ ಹುಡುಗಿಯಿಂದ ಕಲಿಯುವುದಿತ್ತು. ಅವಳು ಮೊದಲು ತನ್ನ ನೋವನ್ನು ಮುಂದಿಟ್ಟಳು, ಆಮೇಲೆ ತನ್ನ ಭರವಸೆಯನ್ನು. ನಾವು ಭರವಸೆಯಿಂದಲೇ ಆರಂಭಿಸುತ್ತೇವೆ. ನೋವಿನ ಸರದಿ ಬರುವುದೇ ಇಲ್ಲ.

ಪ್ರಿಯ ವಾಚಕರೇ, ನಿಮ್ಮ ಮನೆಯ ಮಗ ಅಥವಾ ಮಗಳು ಕತ್ತಲು ತುಂಬಿದ ಪುಸ್ತಕವೊಂದನ್ನು ಬಿಡದೆ ಓದುತ್ತಿದ್ದರೆ ಅದನ್ನು ಕಿತ್ತುಕೊಳ್ಳುವ ಮುನ್ನ ನೀವೂ ಓದಿ, ಕೊನೆಯ ಪುಟದವರೆಗೆ. ಆಮೇಲೆ ಅವರನ್ನು ಕೇಳಿ: ಇದರಲ್ಲಿ ನಿನಗೆ ಯಾರು ಇಷ್ಟ, ಯಾಕೆ? ಉತ್ತರಕ್ಕೆ ಕಾಯಿರಿ. ಮನೆಯಲ್ಲಿ ಸಾವಾಗಿದ್ದರೆ ಸತ್ತವರ ಹೆಸರು ಹಿಡಿದು ಮಾತನಾಡಿ. ಬಾಗಿಲು ಜೋರಾಗಿ ಬಡಿದುಕೊಂಡರೆ, ಶಿಕ್ಷಿಸುವ ಮೊದಲು ಬಾಗಿಲಾಚೆ ಏನಿದೆಯೆಂದು ಯೋಚಿಸಿ.

ಅಂದು ಗಾಜು ಒಡೆದ ಹುಡುಗ ಈಗ ಎಲ್ಲಿದ್ದಾನೋ ಅರಿಯೆ, ಮೂವತ್ತೈದು ದಾಟಿರಬೇಕು. ಅವನು ಹೇಳಿದ ಒಂದು ಮಾತಿಗೆ ಅಂದು ನಾನು ಕೊಡಬೇಕಾಗಿದ್ದ ಉತ್ತರ ಬಹಳ ಚಿಕ್ಕದಿತ್ತು: ‘ಹೌದೇ? ಕೂತುಕೋ. ನಿನ್ನ ಅಪ್ಪನ ಬಗ್ಗೆ ಹೇಳು.’